ಒಂಟಿ ಕಾಲುಚೀಲದ ಪೇಜರ್

ಡೋನಟ್ಟಿನ ಸಕ್ಕರೆ ಪುಡಿ ಡೆವಿನ್‌ನ ಗಡ್ಡಕ್ಕೆ ಮೆತ್ತಿಕೊಂಡಿದೆ, ಒರೆಸಿಕೊಳ್ಳುವ ಪರಿಜ್ಞಾನವಿಲ್ಲ, ಇವನು ಬಂದರಿನ ಸರ್ವರುಗಳನ್ನೆಲ್ಲ ರಸ್ಟ್ ಎಂಬ ಹೊಸ ಕಂಪ್ಯೂಟರ್ ಭಾಷೆಯಲ್ಲಿ ಉದ್ಧಾರ ಮಾಡುತ್ತಾನಂತೆ, ಐಲಾ ಕೊಸ್ಕಿ ಕಾಫಿ ಹೀರುತ್ತ ಒಳಗೊಳಗೇ ಉಗಿದಳು — ಡಿಸ್ಕ್ ತುಂಬಿದರೆ ಹಳೆಯ ಕಡತ ಅಳಿಸುವ ನಾಲ್ಕು ಸಾಲಿನ ಕೆಲಸಕ್ಕೆ ರಸ್ಟ್, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ, ಪಕ್ಕದಲ್ಲಿ ಆ ಮರಿಸ್ಸಾ, ಬಾಯಿ ಬಿಟ್ಟರೆ ಪೈಥಾನ್, ಎಲ್ರಿಗೂ ಓದೋಕಾಗ್ಬೇಕು ಐಲಾ, ನಿಮ್ಮ ಪರ್ಲ್ ಕೋಡ್ ನೋಡಿದ್ರೆ ಬೆಕ್ಕು ಕೀಬೋರ್ಡ್ ಮೇಲೆ ಓಡಾಡಿದ ಹಾಗಿದೆ — ಬೆಕ್ಕಂತೆ! ಆ ಬೆಕ್ಕೇ ಅಲ್ಲವೇ ವರ್ಷಗಟ್ಟಲೆ ಥಂಡರ್ ಬೇ ಬಂದರಿನ ಗೋಧಿ ಹಡಗುಗಳನ್ನು ತುಂಬಿಸಿ ಕಳಿಸಿದ್ದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕಿಟಕಿಯಾಚೆ ಹಿಮ, ಸೊಂಟದಲ್ಲಿ ಪೇಜರಿನ ಭಾರ, ಸರ್ವರ್ ಬಿದ್ದರೆ ಗುರ್ರೆನ್ನುವ ಪೀಡೆ, ಯಾರ ಭಾಷೆಯಲ್ಲಿ ಸರ್ವರ್ ಓಡುತ್ತದೋ ಅವರ ಸೊಂಟಕ್ಕೇ ಪೇಜರ್ ಎಂಬುದು ಈ ಕಚೇರಿಯ ಕಟ್ಟಳೆ, ಹಾಗಾಗಿ ಶನಿವಾರ ಮನೆಯ ಹಬೆಕೋಣೆ ಸೌನಾದಲ್ಲೂ ಬಿಡುಗಡೆಯಿಲ್ಲ, ಹಬೆಗೆ ಕೆಡುತ್ತದೆಂದು ಅದನ್ನು ಗಂಡ ರೌನೋನ ಉಣ್ಣೆ ಕಾಲುಚೀಲದೊಳಗೆ ತುರುಕಿ ಬಾಗಿಲಾಚೆಯ ಮೊಳೆಗೆ ನೇತುಹಾಕುವುದು, ಅವನು ಬಿಸಿ ಕಲ್ಲಿನ ಮೇಲೆ ನೀರು ಸುರಿದರೆ ಚುಂಯ್, ಹೊರಗೆ ಗುರ್, ಬೆವರು ಮೈಯಲ್ಲೇ ಅವಳ ಓಟ, ನೀನ್ ಮದ್ವೆ ಆಗಿದ್ದು ನನ್ನನ್ನೋ ಆ ಡಬ್ಬಿನೋ, ಕೇಳಿಕೇಳಿ ಕೊನೆಗೆ ಗಂಟುಮೂಟೆ ಕಟ್ಟಿದ, ಕಾಲುಚೀಲದ ಜೊತೆಯದನ್ನೂ ಒಯ್ದ, ಒಂಟಿ ಚೀಲ ಕಟ್ಟಿಕೊಂಡು ಏನು ಮಾಡುತ್ತಾನೋ ಪೆದ್ದ, ಇನ್ನೊಂದು ಮನೆಯ ಮೊಳೆಯಲ್ಲೇ ಇದೆಯಲ್ಲ.

ಸಾಕು ಜಗಳ, ಮೇಜಿನ ತುದಿಯಿಂದ ಮ್ಯಾನೇಜರ್ ಗಾರ್ಡ್‌ನ ದನಿ, ಐಲಾ, ಪೇಜರ್ ಮಧ್ಯಕ್ಕಿಡಿ, ಯಾರು ಎತ್ಕೋತಾರೋ ಅವರ ಭಾಷೆನೇ ಗಟ್ಟಿ — ಆಹಾ, ಇದನ್ನೇ ಕಾದಿದ್ದಳು, ಬೆಲ್ಟಿನಿಂದ ಕಿತ್ತು ಡೋನಟ್ ಡಬ್ಬಿಯ ಪಕ್ಕ ಇಟ್ಟಳು, ಈಗ ನೋಡಬೇಕು ಮಜಾ, ನಮ್ಮನೇಲಿ ಸಿಗ್ನಲ್ ಸರಿಯಾಗಿ ಸಿಗಲ್ಲ ಗಾರ್ಡ್, ಎಂದ ಡೆವಿನ್, ಥೂ, ಉತ್ತರನ ಪೌರುಷ ಒಲೆಯ ಮುಂದೆ, ಇನ್ನು ಈ ಹುಡುಗಿಯೂ ಉಗುರು ಕಚ್ಚುತ್ತ ಕೂರುತ್ತಾಳೆ, ಪ್ರತಿ ಸಲದಂತೆ ಪೇಜರನ್ನು ಐಲಾಳ ಕಡೆಗೇ ತಳ್ಳುತ್ತಾರೆ, ಅವಳು ನಿಟ್ಟುಸಿರು ಬಿಟ್ಟು ಸಿಕ್ಕಿಸಿಕೊಳ್ಳುತ್ತಾಳೆ, ಪರ್ಲ್ ಗೆಲ್ಲುತ್ತದೆ — ಮರಿಸ್ಸಾ ಕೈ ಚಾಚಿದಳು. ನಾನ್ ಇಟ್ಕೋತೀನಿ, ಐಲಾ ಇಷ್ಟು ವರ್ಷ ಹೊತ್ತಿದ್ದು ಸಾಕು, ಪಾಪ. ಪಾಪ! ಯಾರಿಗೆ ಪಾಪ, ಇವಳ ಮರುಕ ಯಾರಿಗೆ ಬೇಕಿತ್ತು, ಎತ್ತಿ ಜೀನ್ಸಿಗೆ ಸಿಕ್ಕಿಸಿಯೇ ಬಿಟ್ಟಳಲ್ಲ, ಗಾರ್ಡ್ ನಗುತ್ತಿದ್ದಾನೆ, ಬಿಡುಗಡೆ ಐಲಾ, ಈ ಶನಿವಾರ ಆರಾಮಾಗಿ ಸೌನಾದಲ್ಲಿ ಕೂತ್ಕೊಳ್ಳಿ, ಹೌದು, ಕೂರುತ್ತಾಳೆ, ಒಲೆ ಹಚ್ಚಿ, ನೀರು ತಾನೇ ಸುರಿದುಕೊಂಡು, ಕಿವಿ ಮಾತ್ರ ಬಾಗಿಲ ಕಡೆಗೆ, ಯಾರೂ ಕರೆಯುವುದಿಲ್ಲ, ಅವಳಿಗೆ ಹೆದರಿಕೆಯಾಯಿತು, ಕೈ ಸೊಂಟಕ್ಕೆ ಹೋಯಿತು, ಬರೀ ಬೆಲ್ಟು, ಅಲ್ಲಿ ಮನೆಯಲ್ಲಿ ಸೌನಾದ ಬಾಗಿಲಾಚೆ ಮೊಳೆ, ಮೊಳೆಯಲ್ಲಿ ರೌನೋನ ಕಾಲುಚೀಲ, ಚಪ್ಪಟೆಯಾಗಿ, ಒಳಗೆ ಏನೂ ಇಲ್ಲದೆ, ಬರೀ ಒಂಟಿ ಕಾಲುಚೀಲ.