ಹೆಸರೆತ್ತಬಾರದ ಕಾಯಿಲೆ

"ನಮ್ಮ ಆಫೀಸಲ್ಲಿ ಒಬ್ಬ ಇಂಗ್ಲೆಂಡಿನೋನು ಇದಾನಮ್ಮ," ಎಂದು ಮಧುಸೂದನ್ ಚಪಾತಿ ಮುರಿಯುತ್ತ ಹೇಳಿದ. "ಅವನೂರಲ್ಲಿ ಮೊಲ ಅನ್ನೋ ಮಾತೇ ಆಡಬಾರದಂತೆ. ಆಡಿದ್ರೆ ಅನಾಹುತ ಆಗುತ್ತಂತೆ. 'ಉದ್ದಕಿವಿ' ಅಂತಾನೆ!"

"ಅಯ್ಯೋ, ಎಂಥ ಮೂಢರಪ್ಪ! ಓದಿ ಏನು ಬಂತು?" ಎಂದು ಅವನ ತಾಯಿ ವೇದವತಿ ನಕ್ಕರು.

ಸೊಸೆ ಸಿಂಧೂರಳಿಗೆ ನಗು ಬರಲಿಲ್ಲ. ಪರದೇಶದ ಮೋಲ್ನ್‌ಡಾಲ್ ಊರಿನ ಈ ಫ್ಲ್ಯಾಟಿನಲ್ಲಿ ಇದೇ ಅತ್ತೆ ಒಂದು ಮಾತಿಗೆ ಬೀಗ ಹಾಕಿ ಕೂತಿದ್ದರು. ನಾಲ್ಕು ವರ್ಷದ ಮಗಳು ಅಹನಾಗೆ ಎರಡು ಸಲ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು ಜ್ಞಾನ ತಪ್ಪಿತ್ತು. ಡಾಕ್ಟರು ಔಷಧ ಕೊಟ್ಟು, ಮಗು ಹೋಗುವ ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ತಪ್ಪದೆ ತಿಳಿಸಿ ಎಂದಿದ್ದರು. ವೇದವತಿಗೆ ಮಾತ್ರ ಅದು ಬರೀ 'ಅದು'. ಹೆಸರೆತ್ತಿದರೆ ಕರೆದ ಹಾಗಂತೆ, ಮತ್ತೆ ಬರುತ್ತದಂತೆ! ಹೇಳಿದರೆ ಬರುವುದಾದರೆ, ಹೇಳದೆ ಬಾಯಿ ಮುಚ್ಚಿಕೊಂಡಿದ್ದಾಗ ಎರಡನೇ ಸಲ ಯಾಕೆ ಬಂತು? ಔಷಧ ಸಂಶೋಧನೆಯಲ್ಲೇ ಅನ್ನ ತಿನ್ನುವ ಮಗನೂ ಅಮ್ಮನ ತಾಳಕ್ಕೆ ಕುಣಿಯುತ್ತಿದ್ದ.

ಫೋನು ಬಂದರೆ ಯಾರದು, ಪಕ್ಕದ ಮನೆಯವಳು ಮಗುವನ್ನು ನೋಡಿದರೆ ಯಾಕೆ ನೋಡಿದಳು ಎಂದು ವೇದವತಿಗೆ ಎಲ್ಲರ ಮೇಲೂ ಅನುಮಾನ. ಸಿಂಧೂರಳಿಗೋ ಅತ್ತೆಯ ಮೇಲೇ ಅನುಮಾನ. ಒಂದು ಮಾತಿಗೆ ಯಾರಾದರೂ ಇಷ್ಟು ಹೆದರುತ್ತಾರೆಯೇ?

"ನಾಳೆ ಡಾಗಿಸ್‌ನೋರು ಮಕ್ಕಳನ್ನ ಲೇಕ್‌ಗೆ ಕರ್ಕೊಂಡು ಹೋಗ್ತಾರೆ, ನೀರಲ್ಲಿ ಆಡ್ಸೋಕೆ. ನಾನು ಹೇಳಲೇಬೇಕು," ಎಂದಳು.

ವೇದವತಿಯ ಮುಖ ಬಿಳಿಚಿತು. "ಸುಮ್ನಿರೇ! ಹೆಣ್ಣುಮಗೂಗೆ ಕಳಂಕ ಹಚ್ತೀಯಾ? ನಾಳೆ ಕಳಿಸ್ಲೇಬೇಡ, ಮುಗೀತು."

"ನಾಳೆ ಬಿಡ್ಸಿದ್ರೆ ನಾಡಿದ್ದು? ಅಲ್ಲೇ ಬಂದ್ರೆ ಏನು ಮಾಡ್ಬೇಕು ಅಂತ ಅವ್ರಿಗೆ ಗೊತ್ತಿರಬೇಡ್ವಾ ಅತ್ತೆ?" ಸಿಂಧೂರ ಅವರನ್ನೇ ದಿಟ್ಟಿಸಿದಳು. "ಈ ಮನೇಲಿ ಮೊದ್ಲು ಯಾರಿಗೆ ಬಂದಿತ್ತು?"

ವೇದವತಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು. ಮಧುಸೂದನ್ ತಲೆ ತಗ್ಗಿಸಿಯೇ ಹೇಳಿದ: "ಶಂಕರಣ್ಣಂಗೆ. ಸ್ಕೂಲಿಂದ ಟ್ರಿಪ್ ಹೋದಾಗ, ಹೊಳೇಲಿ... ಮೇಷ್ಟ್ರಿಗೆ ಗೊತ್ತಿರ್ಲಿಲ್ಲ."

ಗಂಡನ ಅಣ್ಣ ಚಿಕ್ಕಂದಿನಲ್ಲೇ ಕಾಲು ಜಾರಿ ನೀರಿಗೆ ಬಿದ್ದು ತೀರಿಕೊಂಡರೆಂದೇ ಮದುವೆಯಾದಾಗಿನಿಂದ ಅವಳು ಕೇಳಿದ್ದಳು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದಾಗ ಈ ಮಹಾಶಯ ಇಲ್ಲವೆಂದಿದ್ದ! ಸಿಂಧೂರಳಿಗೆ ಮೈಯೆಲ್ಲ ಉರಿಯಿತು.

ಬೆಳಗ್ಗೆ ಅವಳು ಮಗುವನ್ನು ಕರೆದುಕೊಂಡು ಹೊರಟಾಗ ವೇದವತಿಯೂ ಬೆನ್ನುಬಿಡದೆ ಬಂದರು. ಡಾಗಿಸ್ ಗೇಟಿನಲ್ಲಿ ಸೊಸೆಯ ಕೈ ಬಿಗಿಹಿಡಿದು, "ನಿನ್ನ ಕಾಲಿಗೆ ಬೀಳ್ತೀನಿ, ಬೇಡ ಕಣೇ," ಎಂದರು.

ಸಿಂಧೂರ ಕೈ ಬಿಡಿಸಿಕೊಂಡಳು. ಟೀಚರಿಗೆ ಎಲ್ಲ ಬಿಡಿಸಿ ಹೇಳಿದಳು: ಮಗುವಿಗೆ ಮೂರ್ಛೆರೋಗವಿದೆ, ಬಂದರೆ ಈ ಔಷಧ, ಹೀಗೆ ಹಾಕಬೇಕು. ಟೀಚರು ಹೌಹಾರಲಿಲ್ಲ. ಔಷಧ ತೆಗೆದುಕೊಂಡು, ಅಲ್ಲಿನ ಭಾಷೆಯಲ್ಲಿ ಏನೋ ಹೇಳಿ, ಅಹನಾಳ ಕೈ ಹಿಡಿದು ಒಳಗೆ ಹೋದಳು.

"ಏನಂದ್ಲು?" ವೇದವತಿ ಕೇಳಿದರು.

"ನೀರಲ್ಲಿ ಮಗು ಪಕ್ಕಾನೇ ಇರ್ತಾಳಂತೆ."

"ಅಷ್ಟೇನಾ?"

"ಅಷ್ಟೇ ಅತ್ತೆ."

ವೇದವತಿ ಗೇಟಿನ ಕಂಬಿ ಹಿಡಿದು ಮಗು ಹೋದ ಕಡೆಗೇ ನೋಡಿದರು. "ನಮ್ಮ ಶಂಕರಂಗೂ ಮೂರ್ಛೆರೋಗ ಇತ್ತು ಕಣೇ," ಎಂದರು. "ನಾನು ಹೇಳಿದ್ದಿದ್ರೆ ಮೇಷ್ಟ್ರೂ ಪಕ್ಕದಲ್ಲೇ ಇರ್ತಿದ್ರೇನೇ?"