ಶನಿವಾರದ ಉಪ್ಪು

ನಮ್ಮವರಿಗೆ ಬೀದಿಯಲ್ಲೆಲ್ಲ 'ಆಯ್ತಮ್ಮ' ಎಂದೇ ಅಡ್ಡಹೆಸರು. ಅತ್ತೆ ಏನು ಹೇಳಿದರೂ ಇವರ ಬಾಯಿಂದ ಬರುವುದು ಆ ಒಂದೇ ಮಾತು. ಮದುವೆಯಾಗಿ ಈ ಬೇಕರಿ ಮನೆಗೆ ಬಂದ ಹೊಸದರಲ್ಲಿ, ಇದು ಭಕ್ತಿಯೋ ಪುಕ್ಕಲುತನವೋ ಎಂದು ತಿಳಿಯದೆ ನನಗೆ ತಲೆ ಚಿಟ್ಟು ಹಿಡಿದಿತ್ತು. ಊರ ಉಸಾಬರಿಯೆಲ್ಲ ನಿನಗೇ ಬೇಕು ಎಂದು ತವರಿನಲ್ಲಿ ಬೈಸಿಕೊಂಡೇ ಬೆಳೆದವಳು ನಾನು.

ಭಾನುವಾರ ಚರ್ಚಿನಲ್ಲಿ ನಮ್ಮ ಸಭೆಯವರೆಲ್ಲ ಹಂಚಿಕೊಂಡು ತಿನ್ನುವ ಪ್ರಭುಭೋಜನಕ್ಕೆ ರೊಟ್ಟಿ ಹೋಗುವುದು ನಮ್ಮ ಒಲೆಯಿಂದ. ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಅತ್ತೆ ಉದ್ದ ಮೇಜಿನ ತುದಿಯಲ್ಲಿ ಸ್ಟೂಲಿನ ಮೇಲೆ ಕೂತು ಹೇಳುತ್ತಾರೆ, ನಮ್ಮವರು ನಾದುತ್ತಾರೆ. ಆ ಹಿಟ್ಟನ್ನು ಯಾರೂ ರುಚಿ ನೋಡುವ ಹಾಗಿಲ್ಲ, ಅದು ಮನೆಯ ಹಳೆಯ ಕಟ್ಟಳೆ. ಅತ್ತೆಗೆ ಆಗಲೇ ಮರೆವು ಬಂದಿತ್ತು. ನಾನು ಯಾರೆಂಬುದು ಮರೆಯುತ್ತಿತ್ತು, ಊಟ ಮಾಡಿದ್ದೂ ಮರೆಯುತ್ತಿತ್ತು. ಶನಿವಾರದ ಹಿಟ್ಟು ಮಾತ್ರ ಮರೆಯುತ್ತಿರಲಿಲ್ಲ. ಆದರೆ ಉಪ್ಪು ಹಾಕಲು ಹೇಳಿ ಆಯಿತು ಎನ್ನುವುದು ಮರೆತು, ಮತ್ತೆ ಹೇಳುತ್ತಿದ್ದರು. ಇವರು ಮತ್ತೆ ಹಾಕುತ್ತಿದ್ದರು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವರಿಗೆ ಇವೆರಡೂ ಒಟ್ಟಿಗೆ ಗಂಟುಬಿದ್ದಿರಲಿಕ್ಕಿಲ್ಲ.

ಒಂದು ಭಾನುವಾರ ರೊಟ್ಟಿ ಬಾಯಿಗಿಟ್ಟ ಹಿರಿಯರ ಮುಖಗಳೆಲ್ಲ ಸೊಟ್ಟಗಾದವು. ಪಾದ್ರಿಗಳು ಅಂಗಡಿಗೇ ಬಂದು ಮೆಲ್ಲಗೆ ಹೇಳಿದರು. "ಇನ್ನೊಂದು ಸಲ ಹೀಗಾದ್ರೆ ಬೇರೆ ಕಡೆ ಮಾಡಿಸೋಣ. ಅಮ್ಮನಿಗೂ ವಯಸ್ಸಾಯ್ತು, ಪಾಪ."

ನಮ್ಮವರ ಮುಖ ಇಳಿದುಹೋಯಿತು. ಈ ಕೆಲಸವೂ ಕೈಬಿಟ್ಟರೆ ಅತ್ತೆಗೆ ಉಳಿಯುವುದು ಒಂದು ಹಾಸಿಗೆ, ಒಂದು ಕಿಟಕಿ. ಅದು ನನಗೂ ಗೊತ್ತಿತ್ತು.

ಮುಂದಿನ ಶನಿವಾರ ತಟ್ಟೆ ಒರೆಸುವ ನೆಪದಲ್ಲಿ ಅಲ್ಲೇ ನಿಂತೆ. ಅತ್ತೆ ಉಪ್ಪು ಹಾಕು ಎಂದರು. ಆಯ್ತಮ್ಮ. ಹತ್ತು ಮಾತಾಡಿ ಮತ್ತೆ ಹಾಕು ಎಂದರು. ಆಯ್ತಮ್ಮ. ಮತ್ತೆ, ಮತ್ತೆ. ಮರುದಿನ ನೋಡಿದರೆ ರೊಟ್ಟಿ ಹದವಾಗಿದೆ. ಅದರ ಮುಂದಿನ ವಾರವೂ ಹದವಾಗಿತ್ತು. ಇನ್ನೊಂದು ವಿಚಿತ್ರವೂ ಕಣ್ಣಿಗೆ ಬಿತ್ತು. ಕೆಲವು ಶನಿವಾರ ಸಭೆಗೆ ಬೇಕಾದ್ದಕ್ಕಿಂತ ಹೆಚ್ಚು ರೊಟ್ಟಿ ಬೆಂದು, ಪಕ್ಕದ ಚಪ್ಪಲಿ ಹೊಲಿಯುವವನ ಮನೆಗೂ ಎದುರುಮನೆಯ ನರ್ಸಮ್ಮನಿಗೂ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

ನಮ್ಮವರು ಹಿಟ್ಟಿನ ಡಬ್ಬಿಯ ಹಿಂದಿನಿಂದ ಪುಟ್ಟ ಬಟ್ಟಲೊಂದನ್ನು ತೆಗೆದರು. "ಬೇಕಾದಷ್ಟು ಉಪ್ಪು ಇದ್ರಲ್ಲಿ ಮೊದ್ಲೇ ಅಳೆದಿಟ್ಟಿರ್ತೀನಿ. ಅಮ್ಮ ಹಾಕು ಅಂತಾರೆ, ಎಷ್ಟು ಅಂತ ಹೇಳಲ್ಲ. ಅಂದಾಗೆಲ್ಲ ಚಿಟಿಕೆ ಚಿಟಿಕೆ ಹಾಕ್ತೀನಿ."

"ಬಟ್ಟಲು ಖಾಲಿಯಾದ್ಮೇಲೂ ಹೇಳಿದ್ರೆ?"

"ಮತ್ತೆ ಉಪ್ಪು ತಗೋತೀನಿ. ಅದಕ್ಕೆ ತಕ್ಕಷ್ಟು ಹಿಟ್ಟೂ ಸೇರಿಸಿ ಕಲಸ್ತೀನಿ."

ಹೆಚ್ಚಿನ ರೊಟ್ಟಿಯ ಗುಟ್ಟು ಆಗ ತಿಳಿಯಿತು. ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಇಷ್ಟೆಲ್ಲ ಯಾಕೆ? ಬರೀ ಕೈ ಆಡಿಸಿದ್ರೆ ಅವ್ರಿಗೇನು ಗೊತ್ತಾಗುತ್ತಾ?"

"ಪ್ರಭುವಿನ ಮೇಜಿಗೆ ಹೋಗೋ ರೊಟ್ಟಿ ಕಣೇ. ತಂದೆತಾಯಿನ ಸನ್ಮಾನಿಸು ಅಂತ ಹೇಳ್ದೋನ ರೊಟ್ಟೀಲೇ ತಾಯಿಗೆ ಮೋಸ ಮಾಡ್ಲಾ?"

ಪುಕ್ಕಲ ಎಂದುಕೊಂಡಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಕಳೆದ ಶನಿವಾರ ಅತ್ತೆ ಎಂದಿನಂತೆ ಸ್ಟೂಲಿನ ಮೇಲೆ ಕೂತರು. ಹಿಟ್ಟು ಬಿತ್ತು, ಯೀಸ್ಟ್ ಬಿತ್ತು, ನೀರು ಬಿತ್ತು. ಉಪ್ಪಿನ ಮಾತೇ ಬರಲಿಲ್ಲ. ಅವರು ಬಾಗಿಲ ಸಂದಿಯಿಂದ ಬೀಳುತ್ತಿದ್ದ ಬಿಸಿಲನ್ನು ನೋಡುತ್ತಾ ಕೂತಿದ್ದರು. ನಮ್ಮವರು ತುಂಬಿದ ಬಟ್ಟಲು ಹಿಡಿದು ಕಾದರು, ನಾದಿದ್ದನ್ನೇ ಮತ್ತೆ ನಾದಿದರು.

"ಹಾಕ್ಬಿಡಿ," ಎಂದು ಪಿಸುಗುಟ್ಟಿದೆ.

"ಅಮ್ಮ ಹೇಳ್ಲಿ ತಡಿ."

ನನ್ನಿಂದ ನೋಡಲಾಗಲಿಲ್ಲ. ಹೋಗಿ ಸ್ಟೂಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. "ಅತ್ತೆ, ಹಿಟ್ಟಿಗೆ ಇನ್ನೇನು ಹಾಕ್ಬೇಕು ಹೇಳಿ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಯಾರೆಂದು ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ನನ್ನ ಕೈ ಹಿಡಿದು, ಮಗನಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದರು.

"ಉಪ್ಪು. ಅವ್ನಿಗೆ ಈಗೀಗ ಎಲ್ಲಾ ಮರ್ತುಹೋಗುತ್ತೆ, ಪಾಪ. ಇನ್ಮೇಲೆ ನೀನೇ ನೋಡ್ಕೊಂಡು ಹಾಕಮ್ಮ."

ನಾನು ಎದ್ದು ಅವರ ಮಗನ ಕೈಯಿಂದ ಬಟ್ಟಲು ತೆಗೆದುಕೊಂಡೆ.

"ಆಯ್ತಮ್ಮ," ಎಂದೆ.