ಅತ್ತೆಯ ಶ್ರುತಿ ಕೀಲಿ

ನಮ್ಮ ಮನೆಯಲ್ಲಿ ಗಿಟಾರಿಗೆ ಶ್ರುತಿ ಹಿಡಿಯಲು ಯಂತ್ರ ಬಳಸುವಂತಿಲ್ಲ. ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ ಓವೆಲ್ಲಾ, ತಮ್ಮ ಕುರ್ಚಿಯಲ್ಲಿ ಕೂತು, ಆಟೋಹಾರ್ಪ್ ಎಂಬ ಹಳೆಯ ತಂತಿಪೆಟ್ಟಿಗೆಯನ್ನು ಎದೆಗಾನಿಸಿಕೊಂಡು, ಉದ್ದಕ್ಕೆ ಒಂದು ಸಲ ಮೀಟುತ್ತಾರೆ. ಅದು ಏನು ನುಡಿಯುತ್ತದೋ ಅದೇ ಶ್ರುತಿ. ಗಿಟಾರು, ಬ್ಯಾಂಜೊ, ಗಂಟಲು ಎಲ್ಲವೂ ಅದಕ್ಕೆ ಹೊಂದಿಕೊಳ್ಳಬೇಕು. ಎದುರು ಮಾತಾಡಿದವರಿಗೆ ಆವತ್ತು ತಿಂಡಿಯ ಮೆತ್ತನೆಯ ಬಿಸ್ಕೆಟ್ ಬನ್ನಿನ ಮೇಲೆ ಗ್ರೇವಿ ಬೀಳುವುದಿಲ್ಲ.

ಪೋಸ್ಟರುಗಳಲ್ಲಿ ‘ಸ್ವಾಫರ್ಡ್ ಫ್ಯಾಮಿಲಿ’ ಎಂದು ದಪ್ಪಕ್ಷರದಲ್ಲಿರುವ ಹೆಸರು ನನ್ನದು, ವರ್ಲಿನ್ ಸ್ವಾಫರ್ಡನದು. ಹಾಡು ಮಾತ್ರ ನನ್ನದಲ್ಲ. ಹಾಡುವವರು ನನ್ನ ಹೆಂಡತಿ ನದೀನ್, ಮಗ ರಾಯ್ಸ್, ಮಗಳು ಟ್ಯಾನ್ಸಿ. ನಾನು ಬಸ್ಸು ಓಡಿಸುತ್ತೇನೆ, ಟೀ-ಶರ್ಟು ಮಾರುತ್ತೇನೆ. ಚರ್ಚಿನಲ್ಲಿ ತುಟಿ ಮಾತ್ರ ಆಡಿಸುತ್ತೇನೆ. ಅದು ಪಾಸ್ಟರ್ ಖುದ್ದಾಗಿ ಕೇಳಿಕೊಂಡದ್ದು.

ಮೊದಲನೆಯ ಆಲ್ಬಮ್ ಬಂದಾಗ ಟ್ಯಾನ್ಸಿಗೆ ಹದಿಮೂರು ವರ್ಷ. ಎರಡು ಜಡೆ, ಹಲ್ಲಿಗೆ ತಂತಿ. ಮಿಣುಕುಹುಳದ ಹಾಡಿನ ಕೊನೆಯಲ್ಲಿ ಅವಳು ಒಂದು ಸ್ವರವನ್ನು ಆಕಾಶಕ್ಕೆ ಏರಿಸಿ ಅಲ್ಲೇ ನಿಲ್ಲಿಸುತ್ತಿದ್ದಳು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು, ಪಾರ್ಕಿಂಗಿನಲ್ಲಿದ್ದ ನಾಯಿಗಳು ಎದ್ದು ಕೂರುತ್ತಿದ್ದವು. ನಮಗೆ ಬಸ್ಸು ಬಂದದ್ದೇ ಆ ಸ್ವರದಿಂದ. ನದೀನಳ ತವರಿನ ಪದ್ಧತಿಯಂತೆ ಮೇಲಿನ ದನಿ ಯಾವಾಗಲೂ ಮನೆಯ ಕಿರಿಯರದ್ದು. ಮುತ್ತಜ್ಜಿಯ ಕಾಲದಿಂದಲೂ ಹಾಗೇ ಎಂದು ಅವಳು ಸಂದರ್ಶನಗಳಲ್ಲಿ ಹೇಳುತ್ತಿದ್ದಳು.

ಈಗ ಟ್ಯಾನ್ಸಿಗೆ ಹತ್ತೊಂಬತ್ತು. ನ್ಯಾಶ್‌ವಿಲ್‌ನಿಂದ ರೆಕಾರ್ಡ್ ಕಂಪನಿಯವರು ಫೋನ್ ಮಾಡಿ, ಎರಡನೆಯ ಆಲ್ಬಮ್‌ನಲ್ಲಿ ಪ್ರೌಢತೆ ಕಾಣಬೇಕು ಎಂದರು.

“ಪ್ರೌಢತೆ ಅಂದ್ರೆ ಏನಂತೆ?” ಊಟದ ಮೇಜಿನಲ್ಲಿ ರಾಯ್ಸ್ ಕೇಳಿದ. ಅವನು ಆರಡಿ ಮೀರಿದ ಆಳು. ಗಡ್ಡ ಎದೆಯ ತನಕ ಇದೆ, ಅದರಲ್ಲಿ ಸದಾ ಜೋಳದ ರೊಟ್ಟಿಯ ಪುಡಿ.

“ದುಃಖ ಕಣೋ,” ಎಂದಳು ನದೀನ್. “ವಿಸ್ಕಿ, ಡೈವೋರ್ಸು, ಮಳೇಲಿ ಕೆಟ್ಟು ನಿಂತ ಟ್ರಕ್ಕು.”

“ನಮ್ಮನೇಲಿ ಯಾರಮ್ಮ ವಿಸ್ಕಿ ಕುಡ್ದಿರೋದು?”

“ಕಲ್ಪನೆ ಮಾಡ್ಕೊ.”

ರಾಯ್ಸ್ ಮಜ್ಜಿಗೆಯ ಲೋಟ ಮುಂದಿಟ್ಟುಕೊಂಡು ಕಲ್ಪನೆ ಮಾಡಿಕೊಂಡ. ಕುಡುಕನ ಹಾಡೊಂದು ಹುಟ್ಟಿತು. ಅದರ ನಾಯಕ ಎರಡನೆಯ ಚರಣದಲ್ಲೇ ಅಮ್ಮನ ಕ್ಷಮೆ ಕೇಳಿ, ಹಲ್ಲುಜ್ಜಿ ಮಲಗುತ್ತಿದ್ದ.

“ಇನ್ನೊಂದು ವಿಷಯ,” ಎಂದಳು ನದೀನ್. “ಹಾಡು ಎಷ್ಟಾದ್ರೂ ಪ್ರೌಢವಾಗಿರ್ಲಿ, ಟ್ಯಾನ್ಸಿಯ ಆ ಸ್ವರ ಮಾತ್ರ ಎಲ್ಲಾದ್ರಲ್ಲೂ ಇರ್ಬೇಕು. ಜನ ಬರೋದೇ ಅದಕ್ಕೆ.”

ಟ್ಯಾನ್ಸಿ ತಟ್ಟೆಯಲ್ಲಿದ್ದ ಬೀನ್ಸನ್ನು ಆ ಕಡೆಯಿಂದ ಈ ಕಡೆಗೆ ದೂಡಿದಳು. ಅತ್ತೆ ಅದನ್ನು ನೋಡಿದರು. ಅತ್ತೆ ನೋಡಿದ್ದನ್ನು ನಾನು ನೋಡಿದೆ.

ಅದಾದ ಕೆಲವು ದಿನಗಳಿಗೆ, ಬೆಳಗ್ಗೆ ಹಿತ್ತಲ ಜಗುಲಿಗೆ ಹೋದೆ. ಅಲ್ಲಿ ಹೂಕುಂಡದ ಕೆಳಗೆ ನನ್ನ ಹೊಗೆಸೊಪ್ಪಿನ ಡಬ್ಬಿ ಇರುತ್ತದೆ. ನಾನು ಅದನ್ನು ಬಿಟ್ಟು ವರ್ಷಗಳಾದವು ಎಂದು ನದೀನ್ ನಂಬಿದ್ದಾಳೆ. ಜಗುಲಿಯಲ್ಲಿ ಅತ್ತೆ ಬೆನ್ನು ತಿರುಗಿಸಿ ಕೂತಿದ್ದರು. ಕೈಯಲ್ಲಿ ಶ್ರುತಿ ಕೀಲಿ. ಆಟೋಹಾರ್ಪಿನ ಒಂದೊಂದೇ ತಂತಿಯನ್ನು ಕೂದಲೆಳೆಯಷ್ಟು ಸಡಿಲಿಸುತ್ತಿದ್ದರು.

“ಅತ್ತೆ, ಶ್ರುತಿ ಇಳಿಸ್ತಾ ಇದೀರಾ?”

ಅವರು ತಿರುಗಿ ಕೂಡ ನೋಡಲಿಲ್ಲ. “ನಿನಗೆ ಕಿವಿ ಇಲ್ವಲ್ಲೋ ವರ್ಲಿನ್, ಹೇಗೆ ಗೊತ್ತಾಯ್ತು?”

“ಕಣ್ಣಿದೆಯಲ್ಲ.”

“ಹಾಗಾದ್ರೆ ಕೂತ್ಕೊ. ಆ ಹುಡುಗಿಗೆ ಮೇಲಿನ ಸ್ವರ ಹತ್ತುತ್ತಾ ಇಲ್ಲ. ದನಿ ಇಳಿದಿದೆ. ಕೋಳಿಗೂಡಿನ ಹಿಂದೆ ನಿಂತು ಎಳೆದೂ ಎಳೆದೂ ಮೊನ್ನೆ ಗಂಟ್ಲಲ್ಲಿ ರಕ್ತ ಬಂತು. ನನ್ನ ಹತ್ರ ಬಂದು ಅತ್ಲು.”

“ನದೀನ್‌ಗೆ ಹೇಳೋದಲ್ವಾ?”

“ಹೇಳಿದ್ರೆ? ನಾಳೆ ಬೆಳಗ್ಗೆ ಡಾರ್ವಾ ಮಗಳು ಬಂದು ನಿಲ್ತಾಳೆ.”

ಡಾರ್ವಾ ನದೀನಳ ತಂಗಿ. ಅವಳ ಮಗಳು ಕೇಲಿನ್‌ಗೆ ಹತ್ತು ವರ್ಷ. ಬಾಯಿ ತೆರೆದರೆ ಕುದಿದು ಸಿಳ್ಳೆ ಹಾಕುವ ಕೆಟಲ್ಲು. ಡಾರ್ವಾ ಅವಳಿಗೆ ಆಗಲೇ ಎರಡು ಜಡೆ ಹಾಕಿ, ಪ್ರತಿ ಭಾನುವಾರ ಚರ್ಚಿನ ಊಟದಲ್ಲಿ ನಮ್ಮ ಮೇಜಿನ ಪಕ್ಕವೇ ಕೂರಿಸುತ್ತಿದ್ದಳು. ಮೇಲಿನ ದನಿ ಕಿರಿಯರದ್ದು. ಟ್ಯಾನ್ಸಿಗೆ ಅದು ಆಗದೆಂದರೆ ಅವಳಿಗೆ ತಂಡದಲ್ಲಿ ಜಾಗವೇ ಇಲ್ಲ, ನನ್ನ ಜೊತೆ ಟೀ-ಶರ್ಟು ಮಡಚಬೇಕು.

“ಸ್ವಲ್ಪ ಸ್ವಲ್ಪ ಇಳಿಸಿದ್ರೆ ಯಾರಿಗೂ ತಿಳಿಯಲ್ಲ,” ಎಂದರು ಅತ್ತೆ. “ಗಿಟಾರಿನ ಮೇಲೆ ಬೆರಳು ಇರೋ ಜಾಗದಲ್ಲೇ ಇರುತ್ತೆ. ತಮ್ಮ ರೆಕಾರ್ಡ್ ತಾವೇ ಕೇಳೋದು ಅಹಂಕಾರ ಅಂತ ನಿನ್ನ ಹೆಂಡ್ತಿ ಹಳೇದನ್ನ ಹಾಕೋದೂ ಇಲ್ಲ. ನೀನು ಬಾಯಿ ಮುಚ್ಕೊಂಡಿದ್ರೆ ಆಯ್ತು.”

“ನಾನು ನನ್ನ ಹೆಂಡ್ತಿಗೆ ಸುಳ್ಳು ಹೇಳಲ್ಲ ಅತ್ತೆ.”

ಅವರು ಕಾಲಿನಿಂದ ಹೂಕುಂಡವನ್ನು ಮೆಲ್ಲಗೆ ಸರಿಸಿದರು. ಡಬ್ಬಿ ಬಿಸಿಲಿಗೆ ಹೊಳೆಯಿತು. ನಾನು ಬಾಯಿ ಮುಚ್ಚಿಕೊಂಡೆ.

ಆ ಚಳಿಗಾಲವಿಡೀ ನಮ್ಮ ಮನೆ ಇಂಚಿಂಚಾಗಿ ತಗ್ಗಿತು. “ಈ ತಂತಿ ಕಂಪನಿಯೋರು ಮೋಸ ಮಾಡ್ತಿದಾರೆ, ಬರೀ ಲೊಡಲೊಡ ಅನ್ನುತ್ತೆ,” ಎಂದು ರಾಯ್ಸ್ ಗೊಣಗಿದ. ಅವನ ದನಿ ನೆಲಮಾಳಿಗೆಗೆ ಇಳಿದಿತ್ತು. ಅವನೇನೋ ಅದನ್ನು ಗಡ್ಡದ ಪ್ರಭಾವ ಎಂದುಕೊಂಡ. ಟ್ಯಾನ್ಸಿಯ ಕೆನ್ನೆಗೆ ಬಣ್ಣ ಬಂತು. ಅವಳ ಮೇಲಿನ ಸ್ವರ ಈಗ ಆಕಾಶದಲ್ಲಿರಲಿಲ್ಲ, ಮನೆಯ ಸೂರಿನಷ್ಟು ಎತ್ತರದಲ್ಲಿತ್ತು, ಆದರೆ ಆರಾಮವಾಗಿ ಹತ್ತುತ್ತಿತ್ತು. ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ನದೀನಳಿಗೆ. “ಕೇಳಿದ್ಯಾ ವರ್ಲಿನ್? ಎಷ್ಟು ಗಂಭೀರವಾಗಿದೆ! ಪ್ರೌಢತೆ ತಾನಾಗೇ ಬಂದ್ಬಿಟ್ಟಿದೆ!” ನಾನು ಹೌದೆಂದು ತಲೆಯಾಡಿಸಿದೆ. ಅತ್ತೆ ಪುದೀನ ಪೆಪ್ಪರಮೆಂಟು ಚೀಪುತ್ತಾ ಕಿಟಕಿಯಾಚೆಯ ಹಕ್ಕಿಗಳನ್ನು ನೋಡಿದರು.

ಅತ್ತೆ ಮರೆತದ್ದು ಒಂದೇ. ನಮ್ಮ ಮನೆಯಲ್ಲಿ ಪಿಯಾನೊ ಇಲ್ಲ. ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಇದೆ.

ಅಲ್ಲಿ ನಿರ್ಮಾಪಕ ಲೈಲ್ ಬಕ್ನರ್ ಗಾಜಿನಾಚೆ ಕೂತು ಕೈ ಬೀಸಿದ. ನಮ್ಮವರು ಎಂದಿನಂತೆ ಆಟೋಹಾರ್ಪಿಗೆ ಶ್ರುತಿ ಹಿಡಿದು ಶುರು ಮಾಡಿದರು, ಸಂಬಳದ ಪಿಯಾನೊದವನೂ ಜೊತೆಗೆ ಶುರು ಮಾಡಿದ. ನನಗೆ ಕಿವಿ ಇಲ್ಲ ಎನ್ನುತ್ತಾರೆ. ಆದರೂ ಆವತ್ತು, ಒಂದೇ ಚೀಲಕ್ಕೆ ಎರಡು ಬೆಕ್ಕು ತುಂಬಿದ್ದಾರೆಂದು ನನಗೂ ಗೊತ್ತಾಯಿತು.

ನದೀನ್ ಕೈಯೆತ್ತಿ ನಿಲ್ಲಿಸಿದಳು. “ನಿಮ್ಮ ಪಿಯಾನೊ ಕೆಟ್ಟಿದೆ.”

“ನಿನ್ನೆ ತಾನೇ ಶ್ರುತಿ ಮಾಡಿಸಿದೀವಿ ಮೇಡಂ.”

“ಮಾಡ್ದೋನು ಕುಡ್ದಿರ್ಬೇಕು. ನಮ್ಮಮ್ಮನ ಆಟೋಹಾರ್ಪ್ ಯಾವತ್ತೂ ತಪ್ಪಲ್ಲ. ಕರ್ಸಿ ಅವನನ್ನ!”

ಶ್ರುತಿಗಾರ ಬಂದ, ಪಾಪ, ಊಟ ಅರ್ಧಕ್ಕೆ ಬಿಟ್ಟು. ಪಿಯಾನೊ ನೋಡಿದ, ತಲೆಯಾಡಿಸಿದ. ತನ್ನ ಯಂತ್ರವನ್ನು ಆಟೋಹಾರ್ಪಿನ ಮುಂದೆ ಹಿಡಿದ. ಅದರ ಮುಳ್ಳು ನಾಚಿಕೊಂಡಂತೆ ಎಡಕ್ಕೆ, ತಗ್ಗಿನ ಕಡೆಗೆ, ವಾಲಿತು.

“ಅಮ್ಮಾ,” ಎಂದಳು ನದೀನ್. “ಕೀಲಿ ಎಲ್ಲಿ?”

“ಯಾವ ಕೀಲಿ?” ಎಂದರು ಅತ್ತೆ. ಹಾಗೆನ್ನುವಾಗ ಕೈಚೀಲವನ್ನು ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡರು.

ಚೀಲದಿಂದ ಕೀಲಿ ಹೊರಬಂತು. ನದೀನ್ ತುಟಿ ಕಚ್ಚಿಕೊಂಡು ಒಂದೊಂದೇ ತಂತಿಯನ್ನು ಪಿಯಾನೊದ ಶ್ರುತಿಗೆ ಏರಿಸಿದಳು, ಗಿಟಾರುಗಳೂ ಏರಿದವು. “ಈಗ ಮಿಣುಕುಹುಳ. ಕೊನೇ ಸಾಲಿಂದ,” ಎಂದಳು.

ಟ್ಯಾನ್ಸಿ ಅಜ್ಜಿಯನ್ನೊಮ್ಮೆ ನೋಡಿ ಕಣ್ಣು ಮುಚ್ಚಿ ಏರಿದಳು. ಅರ್ಧದಾರಿಯಲ್ಲಿ ದನಿ ಒಡೆಯಿತು. ಒಣಕಟ್ಟಿಗೆ ಮುರಿದಂಥ ಸದ್ದು. ಆಮೇಲೆ ಕೆಮ್ಮು.

ನದೀನಳ ಮುಖದಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. “ಎಷ್ಟು ದಿನದಿಂದ ಹೀಗೆ?”

“ಹೋದ ಬೇಸಿಗೆಯಿಂದ,” ಎಂದಳು ಟ್ಯಾನ್ಸಿ. “ಅಮ್ಮ, ಆ ಸ್ವರ ಆ ಜಡೆ ಹುಡುಗೀದು. ಅವಳು ಎಲ್ಲಿ ಹೋದ್ಲೋ ನನಗೂ ಗೊತ್ತಿಲ್ಲ. ಕೇಲಿನ್‌ನ ಕರೆಸ್ತೀಯಾದ್ರೆ ಕರೆಸು. ನಾನು ಬಸ್ಸಲ್ಲಿ ಕೂತಿರ್ತೀನಿ.”

“ಪದ್ಧತಿ ಅಂತ ಒಂದಿದೆಯಲ್ಲ ಮಗಳೇ… ಮುತ್ತಜ್ಜಿ ಕಾಲದಿಂದ…”

“ಏ, ಸಾಕು ಬಿಡೇ!” ಅತ್ತೆಯ ದನಿ ಗಾಜಿನಾಚೆಗೂ ಕೇಳಿರಬೇಕು. “ಆ ಪದ್ಧತಿ ಮಾಡಿದ್ದು ನಾನು. ನೀನಾಗ ಇಷ್ಟುದ್ದ ಇದ್ದೆ. ನನಗೆ ಮೇಲಿನ ಸ್ವರ ಹತ್ತೋದು ನಿಂತೋಯ್ತು. ವಯಸ್ಸಾಯ್ತು ಅಂತ ಒಪ್ಕೊಳ್ಳೋಕೆ ನಾಚಿಕೆ. ಅದಕ್ಕೆ ‘ಮೇಲಿನ ದನಿ ಕಿರಿಯೋರ್ದು, ನಮ್ಮಜ್ಜಿ ಹಾಗಂದಿದ್ಲು’ ಅಂತ ನಿನ್ನ ತಲೆಗೆ ಕಟ್ಟಿದೆ. ನಮ್ಮಜ್ಜಿ ಹಾಡ್ತಾನೇ ಇರ್ಲಿಲ್ಲ, ಕೋಳಿ ಸಾಕ್ತಿದ್ಲು!”

ನದೀನ್ ಕುರ್ಚಿ ಹುಡುಕಿಕೊಂಡು ಕೂತಳು. ಅಷ್ಟು ಸಂದರ್ಶನಗಳಲ್ಲಿ ಹೇಳಿದ್ದೆಲ್ಲ ಅವಳಿಗೆ ಒಟ್ಟಿಗೇ ನೆನಪಾಗಿರಬೇಕು.

ಆಗಲೇ ಆ ಸ್ವರ ಕೇಳಿಸಿತು. ಮಿಣುಕುಹುಳದ ಕೊನೆಯ ಸ್ವರ, ಸರಿಯಾಗಿ ಅದರ ಜಾಗದಲ್ಲಿ, ಮಂಜಿನಷ್ಟು ತೆಳ್ಳಗೆ. ಲೈಲ್ ಬಕ್ನರ್ ಗಾಜಿನಾಚೆ ಎದ್ದು ನಿಂತ.

“ಯಾರದು?”

ರಾಯ್ಸ್ ಗೋಡೆಗೆ ಮುಖ ಮಾಡಿ ನಿಂತಿದ್ದ. ಕಿವಿಗಳು ಟೊಮೇಟೊ ಆಗಿದ್ದವು.

“ಅದು… ಬಸ್ಸಲ್ಲಿ ಇವಳನ್ನ ರೇಗ್ಸೋಕೆ ಹಾಗೆ ಇವಳ ದನಿ ಮಾಡ್ತಿರ್ತೀನಿ. ಇವಳು ಅಳೋ ಹಾಗಿದ್ಲಲ್ಲ, ನಗ್ಲಿ ಅಂತ…”

“ಇನ್ನೊಂದ್ಸಲ ರೇಗ್ಸು,” ಎಂದ ಲೈಲ್.

“ಇಷ್ಟು ಗಡ್ಡ ಇಟ್ಕೊಂಡು ಹೇಗ್ರೀ ಹಾಡ್ಲಿ?”

“ಗಡ್ಡ ರೆಕಾರ್ಡಿಂಗಲ್ಲಿ ಕಾಣಲ್ಲಪ್ಪ.”

ಹಾಗೆ ಜಾಗಗಳು ಅದಲುಬದಲಾದವು. ರಾಯ್ಸ್ ಬರೆದ ಕುಡುಕನ ಹಾಡನ್ನು ಪಕ್ಕಕ್ಕಿಟ್ಟು, ಟ್ಯಾನ್ಸಿ ತಾನು ಬರೆದ ಒಂದನ್ನು ಹಾಡಿದಳು. ಜಡೆ ಕತ್ತರಿಸಿದ ದಿನ ಕನ್ನಡಿಯ ಮುಂದೆ ನಿಂತ ಹುಡುಗಿಯ ಹಾಡು ಅದು. ಅದರಲ್ಲಿ ವಿಸ್ಕಿಯೂ ಇರಲಿಲ್ಲ, ಕೆಟ್ಟು ನಿಂತ ಟ್ರಕ್ಕೂ ಇರಲಿಲ್ಲ. ತನ್ನ ಕೆಳದನಿಯಲ್ಲಿ ಅವಳು ಅವಸರವಿಲ್ಲದೆ ಹಾಡುವುದನ್ನು ಕೇಳುತ್ತಾ, ಈ ಹುಡುಗಿ ಇಷ್ಟು ವರ್ಷ ಅಳತೆಗೆ ಚಿಕ್ಕದಾದ ಚಪ್ಪಲಿಯಲ್ಲಿ ನಡೆಯುತ್ತಿದ್ದಳು ಎನಿಸಿತು ನನಗೆ. ನದೀನಳಿಗೂ ಹಾಗೇ ಅನಿಸಿತೇನೋ. ಹಾಡು ಮುಗಿದ ಮೇಲೆ ಅವಳು ಮಗಳ ಹತ್ತಿರ ಹೋಗಿ, ಅವಳ ಕತ್ತಿನ ಸುತ್ತ ತನ್ನ ಶಾಲು ಸುತ್ತಿದಳು. ಶ್ರುತಿ ಕೀಲಿಯನ್ನು ಮಾತ್ರ ವಾಪಸು ಕೊಡಲಿಲ್ಲ. ದಾರಕ್ಕೆ ಪೋಣಿಸಿ ತನ್ನ ಕತ್ತಿಗೇ ಹಾಕಿಕೊಂಡಳು.

ಆಲ್ಬಮ್ ಬಂತು. ಪ್ರೌಢತೆ ಎದ್ದು ಕಾಣುತ್ತಿದೆ ಎಂದು ಪೇಪರಿನವರು ಬರೆದರು. ಟ್ಯಾನ್ಸಿಯ ಕೆಳದನಿ ಆಳವಾಗಿದೆ, ಅವಳ ಮೇಲಿನ ಸ್ವರವಂತೂ ಮೊದಲಿಗಿಂತ ಮಧುರವಾಗಿದೆ ಎಂದೂ ಬರೆದರು. ರಾಯ್ಸ್ ಆ ಪೇಪರಿನಲ್ಲಿ ಬೂಟು ಒರೆಸಿದ.

ಮೊದಲ ಕಾರ್ಯಕ್ರಮ ನಮ್ಮೂರಿನ ಹೈಸ್ಕೂಲಿನಲ್ಲೇ. ಮಿಣುಕುಹುಳದ ಕೊನೆಯ ಸಾಲು ಬಂದಾಗ ದೀಪ ಹಳೆಯ ಅಭ್ಯಾಸದಂತೆ ಟ್ಯಾನ್ಸಿಯ ಮೇಲೆ ಬಿತ್ತು. ಅವಳು ಬಾಯಿ ಮುಚ್ಚಿ, ಕೈಯಿಂದ ದೀಪವನ್ನು ಅಣ್ಣನ ಕಡೆಗೆ ಓಡಿಸುವಂತೆ ಸನ್ನೆ ಮಾಡಿದಳು. ಗಡ್ಡದೊಳಗಿಂದ ಆ ಸ್ವರ ಹೊರಟಾಗ ಜನ ಮೊದಲು ಬಾಯಿ ಬಿಟ್ಟರು, ಆಮೇಲೆ ನಕ್ಕರು, ಆಮೇಲೆ ಎದ್ದು ನಿಂತರು. ಡಾರ್ವಾ ಎದ್ದು ನಿಲ್ಲಲಿಲ್ಲ. ಕೇಲಿನ್ ಮಾತ್ರ ತನ್ನ ಜಡೆಗಳನ್ನು ಬಿಚ್ಚುತ್ತಾ ನನ್ನ ಟೀ-ಶರ್ಟಿನ ಅಂಗಡಿಗೆ ಬಂದು, “ಅಂಕಲ್, ನಂಗೆ ಬ್ಯಾಂಜೊ ಕಲಿಯೋ ಆಸೆ. ಅಮ್ಮಂಗೆ ಹೇಳ್ಬೇಡಿ,” ಎಂದಳು.

ಮೊನ್ನೆ ಬೆಳಗ್ಗೆ ಹೂಕುಂಡದ ಹತ್ತಿರ ಹೋದೆ. ಜಗುಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದವಳು ನದೀನ್. ಈ ನಡುವೆ ತನ್ನ ಸಾಲಿನಲ್ಲಿ ಎತ್ತರದ ಸ್ವರ ಬರುವಾಗ ಅವಳು ಕೆಮ್ಮುವುದನ್ನು ಗಮನಿಸಿದ್ದೆ. ಮಡಿಲಲ್ಲಿ ಆಟೋಹಾರ್ಪ್, ಕತ್ತಿನ ಕೀಲಿ ಈಗ ಕೈಯಲ್ಲಿತ್ತು.

“ಒಂದ್ ಕೂದಲೆಳೆ, ಅಷ್ಟೇ,” ಎಂದಳು, ತಿರುಗದೆ. “ಅಮ್ಮಂಗೆ ಹೇಳ್ಬೇಡ.”

“ನಾನು ಅತ್ತೆಗೆ ಸುಳ್ಳು ಹೇಳಲ್ಲಪ್ಪ.”

ಅವಳು ಕಾಲಿನಿಂದ ಹೂಕುಂಡವನ್ನು ಮೆಲ್ಲಗೆ ಸರಿಸಿದಳು.